ಏರಿಹೋಗುವವನ ಲಾಭ, ನಷ್ಟ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟವನ್ನು ನಿಮ್ಮ ಮನೆಯ ಮಕ್ಕಳು ಬಲ್ಲವರಿರಬಹುದು. 2000ದಲ್ಲಿ ಹೊರಬಂದ ಅದರ ಮೂರನೆಯ ಆವೃತ್ತಿಯಲ್ಲಿ 'ಚಾರ್ಜ್' ಎಂಬ ನಿಯಮವಿತ್ತು. ಶತ್ರುವಿನ ಮೇಲೆ ಏರಿಹೋಗುವವನು ಕನಿಷ್ಠ 10 ಅಡಿಯಾದರೂ ನೇರವಾಗಿ ಸಾಗಬೇಕು. ಅವನ ಹೊಡೆತಕ್ಕೆ 2 ಅಂಕ ಕೂಡುತ್ತಿದ್ದವು, ಮುಂದಿನ ಸರದಿಯವರೆಗೆ ರಕ್ಷಣೆಯಲ್ಲಿ 2 ಅಂಕ ಕಳೆಯುತ್ತಿದ್ದವು.

ಇದು ಬರಿಯ ಆಟದ ಲೆಕ್ಕವಲ್ಲ. ಈ ಆಟದ ಬೇರು ಯುದ್ಧಶಿಕ್ಷಣದಲ್ಲಿದೆ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಜ್, ನಕಾಶೆಯ ಮೇಲೆ ದಾಳ ಉರುಳಿಸಿ ಕಾಳಗ ಕಲಿಸುವ ಆಟವನ್ನು ಪ್ರಕಟಿಸಿದನು. ಅಂಥ ಯುದ್ಧದಾಟಗಳ ಪರಂಪರೆಯಲ್ಲೇ ಅಮೆರಿಕದಲ್ಲಿ 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಅವರ 'ಚೈನ್‌ಮೇಲ್' ಬಂತು. 1974ರಲ್ಲಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅವರ ಈ ಆಟ.

ನಿಯಮದ ಹಿಂದಿನ ಸತ್ಯವನ್ನು ರಣರಂಗವೇ ಬರೆದಿದೆ. 1854ರ ಅಕ್ಟೋಬರ್ 25ರಂದು ಬಾಲಕ್ಲಾವಾದಲ್ಲಿ ಬ್ರಿಟಿಷರ ಸುಮಾರು 670 ರಾವುತರು ಕಣಿವೆಯುದ್ದಕ್ಕೂ ರಷ್ಯದ ಫಿರಂಗಿಗಳತ್ತ ನುಗ್ಗಿದರು. ಫಿರಂಗಿಗಳನ್ನು ತಲುಪಿದರು; ಆದರೆ ಅಲ್ಲಿ ನಿಲ್ಲಲಾಗಲಿಲ್ಲ. ಸುಮಾರು 110 ಮಂದಿ ಮಡಿದರು.

ವೇಗವು ಹೊಡೆತಕ್ಕೆ ಬಲ ಕೊಡುತ್ತದೆ, ಮೈಯನ್ನು ಬಯಲಿಗಿಡುತ್ತದೆ. ಮಕ್ಕಳು ದಾಳ ಉರುಳಿಸುವಾಗ ಕೂಡಿದ ಅಂಕದೊಡನೆ ಕಳೆದ ಅಂಕವನ್ನೂ ಎಣಿಸಲಿ.