ಹಣೆ ಮೇಲಿನ ದೀಪದ ಹಳೇ ಲೆಕ್ಕ

ಹೋದ ವರ್ಷ ಕೊಡಚಾದ್ರಿ ಚಾರಣಕ್ಕೆ ಅಂತ ಶಿವಮೊಗ್ಗದಲ್ಲಿ ಒಂದು ಹೆಡ್‌ಲ್ಯಾಂಪ್ ತಗೊಂಡೆ. ಅಂಗೈಯಷ್ಟೇ ಇರೋದು, ಚಾರ್ಜ್ ಮಾಡಿ ಹಣೆಗೆ ಕಟ್ಕೊಂಡ್ರೆ ಆಯ್ತು. ಡಬ್ಬಿ ಮೇಲೆ 400 ಲ್ಯೂಮೆನ್ ಅಂತ ಒಂದು ಕಡೆ, 30 ಗಂಟೆ ಅಂತ ಇನ್ನೊಂದು ಕಡೆ. ಎರಡೂ ನಿಜವೇ, ಆದ್ರೆ ಒಟ್ಟಿಗೆ ಅಲ್ಲ! ಪೂರ್ತಿ ಬೆಳಕಲ್ಲಿ ಒಂದು ಗಂಟೆಗೇ ಆರಿಹೋಯ್ತು. ಬಿ.ಕಾಂ. ಓದಿದವನಿಗೆ ಇಷ್ಟು ಲೆಕ್ಕ ಗೊತ್ತಾಗಬೇಕಿತ್ತು.

ಭದ್ರಾವತಿಯ ಅಜ್ಜಿಗೆ ಹೇಳಿದ್ರೆ ನಕ್ಕುಬಿಟ್ಟರು. ಅಜ್ಜ ಕಬ್ಬಿಣದ ಕಾರ್ಖಾನೆಯ ರಾತ್ರಿ ಪಾಳಿಗೆ ಸೈಕಲ್‌ಗೆ ಕಾರ್ಬೈಡ್ ದೀಪ ಸಿಕ್ಕಿಸಿಕೊಂಡು ಹೋಗ್ತಿದ್ದರಂತೆ. ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡ್, ಮೇಲಿನದ್ರಲ್ಲಿ ನೀರು. ಹನಿ ಬಿದ್ದ ಹಾಗೆ ಅಸಿಟಿಲೀನ್ ಅನಿಲ ಎದ್ದು ಬೆಳ್ಳಗೆ ಉರಿಯೋದು. ಬೆಳಗ್ಗೆ ಬಂದು ಸುಣ್ಣದಂಥ ಬೂದಿ ಕೊಡವೋದು ಅಜ್ಜಿಯ ಕೆಲಸ. ಆ ವಾಸನೆ ಈಗಲೂ ಮೂಗಲ್ಲಿದೆ ಅಂತಾರೆ.

ಇದೇ ದೀಪದ ಚಿಕ್ಕ ರೂಪವನ್ನ ಗಣಿ ಕೆಲಸಗಾರರು ಟೋಪಿಗೆ ಸಿಕ್ಕಿಸ್ತಿದ್ದರು. ಆದ್ರೆ ಕಲ್ಲಿದ್ದಲು ಗಣಿಯಲ್ಲಿ ಬೆಂಕಿ ಅಂದ್ರೆ ಸ್ಫೋಟದ ಭಯ. ಅದಕ್ಕೇ 1914ರ ಸುಮಾರಿಗೆ ಎಡಿಸನ್ ಬ್ಯಾಟರಿ ದೀಪ ತಂದ: ಬೆಳಕು ತಲೆ ಮೇಲೆ, ಭಾರದ ಬ್ಯಾಟರಿ ಸೊಂಟಕ್ಕೆ, ಮಧ್ಯೆ ಒಂದು ವೈರು. ಪಾಳಿ ಮುಗಿದ ಮೇಲೆ ಚಾರ್ಜಿಗೆ ಹಾಕೋದು. ಅಂದ್ರೆ ರೀಚಾರ್ಜ್ ಅನ್ನೋದು ಹೊಸದೇನಲ್ಲ, ಹಗುರ ಆಗಿದ್ದು ಹೊಸದು. ಅದಕ್ಕೆ ಎರಡು ಕಾರಣ: 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿ, ಆಮೇಲೆ ಬಿಳಿ ಎಲ್‌ಇಡಿ. ಆ ಬ್ಯಾಟರಿಗೆ 2019ರಲ್ಲಿ, ಬಿಳಿ ಎಲ್‌ಇಡಿಗೆ ದಾರಿ ಮಾಡಿದ ನೀಲಿ ಎಲ್‌ಇಡಿಗೆ 2014ರಲ್ಲಿ ನೊಬೆಲ್ ಸಿಕ್ಕಿತು.

ಭದ್ರಾವತಿಯ ಕುಲುಮೆ 1923ರ ಜನವರಿಯಲ್ಲಿ ಶುರುವಾದಾಗ ಉರಿದಿದ್ದು ಮಲೆನಾಡ ಕಾಡಿನ ಇದ್ದಿಲು. ಅದಿರು ಕೆಮ್ಮಣ್ಣುಗುಂಡಿಯದು. 1948ರಲ್ಲಿ ಜೋಗದ ವಿದ್ಯುತ್ ಬಂತು, ಮುಂದೆ ಕಬ್ಬಿಣ ಕರಗಿಸೋಕೂ ಕರೆಂಟೇ ಆಯ್ತು. ಕಾರ್ಖಾನೆ ಒಳಗೆ ಹಾಗೆ ಧಗಧಗ, ಅಜ್ಜ ಸೈಕಲ್ ತುಳಿಯೋ ದಾರಿ ಮಾತ್ರ ಕತ್ತಲೆ. ಅಜ್ಜಿಯ ಕಥೆಯಲ್ಲಿ ನನಗೆ ಚುಚ್ಚಿದ್ದು ಇದು.

ಚಾರ್ಜ್ ಹೋದ ಆ ದೀಪವನ್ನ ಬೈದುಕೊಂಡೇ ಚಿಕ್ಕಪ್ಪನಿಗೆ ಕೊಟ್ಟೆ. ಅವರದ್ದು ಭದ್ರಾವತಿ ಹತ್ತಿರ ಬೋರ್‌ವೆಲ್ ನಂಬಿದ ಅಡಿಕೆ ತೋಟ. ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ಮಧ್ಯರಾತ್ರಿ ದಾಟಿದ ಮೇಲೆ ಬರುತ್ತೆ. ಹಗಲು ಕೊಡಿ ಅಂತ ರೈತರು ಕೇಳ್ತಾನೇ ಇದ್ದಾರೆ. ಜೋಗ ಇರೋದು ಇದೇ ಜಿಲ್ಲೆಯಲ್ಲಿ, ನೋಡಿ. ಚಾರಣದ ಸಾಮಾನು ಅಂತ ಮಾರಿದ ದೀಪ ಈಗ ಮೋಟರ್ ಹಾಕೋಕೆ ಹೋಗುತ್ತೆ. ಒಂದು ಕೈಯಲ್ಲಿ ಕೋಲು, ಇನ್ನೊಂದ್ರಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಬೀಗದ ಕೈ. ಹಾವಿನ ಭಯ ಇದ್ದಿದ್ದೇ. ಚಿಕ್ಕಪ್ಪ ಕಡಿಮೆ ಬೆಳಕಲ್ಲೇ ಇಟ್ಟುಕೊಳ್ತಾರೆ. ಭಾನುವಾರ ಒಮ್ಮೆ ಚಾರ್ಜ್ ಮಾಡಿದ್ರೆ ವಾರ ಬರುತ್ತಂತೆ.