ಗಿಯೋನ್‌ನ ಲೆಕ್ಕದ ಪುಸ್ತಕ

ಜಪಾನಿನ ಕ್ಯೋಟೊ ನಗರದ ಗಿಯೋನ್ ಕೇರಿಯ ಹೆಸರಿನೊಳಗೆ ಶ್ರಾವಸ್ತಿಯ ಒಂದು ತೋಪು ಅಡಗಿದೆ. ಅನಾಥಪಿಂಡಿಕನೆಂಬ ವರ್ತಕ ನೆಲದ ತುಂಬ ಹೊನ್ನು ಹಾಸಿ, ಜೇತ ರಾಜಕುಮಾರನಿಂದ ಕೊಂಡು, ಬುದ್ಧನಿಗೆ ಒಪ್ಪಿಸಿದನೆನ್ನುವ ಜೇತವನ ಅದು. ಚೀನೀ ಭಾಷೆಯಲ್ಲಿ ಜೇತನ ಹೆಸರಿನ ಮೊದಲ ಸದ್ದಷ್ಟೇ ಉಳಿದು, ಅದಕ್ಕೆ ‘ತೋಟ’ ಎಂಬ ಪದ ಸೇರಿತು; ಜಪಾನೀಯರ ಬಾಯಲ್ಲಿ ಅದೇ ಗಿ-ಓನ್. ಜೇತವನದ ಕಾವಲುದೈವವೆಂದು ನಂಬಿದ್ದ ಗೋಜು ತೆನ್ನೋನ ಗುಡಿ ಇಲ್ಲಿತ್ತು. 1868ರಲ್ಲಿ ಮೇಜಿ ಸರ್ಕಾರ ಬೌದ್ಧ ಮತ್ತು ಶಿಂತೋ ಆರಾಧನೆಗಳನ್ನು ಬೇರ್ಪಡಿಸಿದಾಗ ಗುಡಿ ‘ಯಸಾಕ’ ಆಯಿತು. ಕೇರಿ ಮಾತ್ರ ಹಳೆಯ ಹೆಸರನ್ನು ಬಿಡಲಿಲ್ಲ.

ಗುಡಿಗೆ ಬರುವ ಯಾತ್ರಿಕರಿಗೆ ಚಹಾ ಕೊಡುತ್ತಿದ್ದ ಅಂಗಡಿಗಳಿಂದ ಈ ಕೇರಿ ಬೆಳೆಯಿತು. ಚಹಾದ ಜೊತೆಗೆ ತಿಂಡಿ, ಸಾಕೆ, ಶಾಮಿಸೆನ್, ಕುಣಿತ ಒಂದೊಂದಾಗಿ ಸೇರಿಕೊಂಡವು. ಇಂದಿಗೂ ಆ ಮನೆಗಳಿಗೆ ‘ಓಚಾಯ’, ಅಂದರೆ ಚಹಾಮನೆ ಎಂದೇ ಹೆಸರು. ಚಹಾ ಕುಡಿಯಲೆಂದು ಅಲ್ಲಿಗೆ ಹೋಗುವವರಿಲ್ಲ. ಊಟ ಹೊರಗಿನ ಅಡುಗೆಯವರಿಂದ ಬರುತ್ತದೆ, ಕಲಾವಿದೆಯರಾದ ಗೇಯ್ಕೊಗಳು ತಮ್ಮ ತಮ್ಮ ಮನೆಗಳಿಂದ ಬರುತ್ತಾರೆ. ಬಿಲ್ಲು ಬರುವುದು ಮಾತ್ರ ಆಮೇಲೆ. ಅತಿಥಿ ಕೊಡದಿದ್ದರೆ ಪರಿಚಯಿಸಿದವರು ಹೊಣೆ. ಗುರುತಿಲ್ಲದವರಿಗೆ ಪ್ರವೇಶವಿಲ್ಲ ಎಂಬ ನಿಯಮವನ್ನು ಹಲವರು ದೊಡ್ಡಸ್ತಿಕೆ ಎಂದು ಬಗೆಯುತ್ತಾರೆ. ಅದು ನಿಜಕ್ಕೂ ಉದ್ರಿ ವ್ಯಾಪಾರದ ಎಚ್ಚರಿಕೆ.

ಉದ್ರಿಯ ಪುಸ್ತಕಕ್ಕೆ ಇನ್ನೊಂದು ಮಗ್ಗುಲೂ ಇತ್ತು. ರಾಜಧಾನಿ ಟೋಕಿಯೊಗೆ ಹೋದ ಮೇಲೆ ಕಳೆಗುಂದಿದ್ದ ಕ್ಯೋಟೊ, 1872ರಲ್ಲಿ ವಸ್ತುಪ್ರದರ್ಶನ ನಡೆಸಿತು. ಗಿಯೋನ್‌ನ ಹೆಣ್ಣುಮಕ್ಕಳು ಅಪರಿಚಿತರ ಮುಂದೆ ‘ಮಿಯಾಕೊ ಒದೋರಿ’ ಕುಣಿದರು. ಅದೇ ವರ್ಷ ಚೀನೀ ಕೂಲಿಗಳನ್ನು ತುಂಬಿಕೊಂಡಿದ್ದ ‘ಮರಿಯಾ ಲೂಜ್’ ಎಂಬ ಪೆರುವಿನ ಹಡಗು ಯೊಕೊಹಾಮಾಗೆ ಬಂತು. ಜಪಾನ್ ಕೂಲಿಗಳನ್ನು ಬಿಡಿಸಹೊರಟಾಗ, ‘ನಿಮ್ಮಲ್ಲೇ ಹೆಣ್ಣುಮಕ್ಕಳ ಮಾರಾಟ ನಡೆಯುತ್ತಿಲ್ಲವೇ’ ಎಂಬ ವಾದ ಎದುರಾಯಿತು. ಉತ್ತರವಿರಲಿಲ್ಲ. ವರ್ಷ ಮುಗಿಯುವ ಮೊದಲೇ ಗೇಷಾ ಮತ್ತು ವೇಶ್ಯೆಯರ ಬಿಡುಗಡೆಯ ಆಜ್ಞೆ ಹೊರಟಿತು. ಮಾನವ ಹಕ್ಕು ಕಳೆದುಕೊಂಡ ಇವರು ದನ-ಕುದುರೆಗಳಂತಾಗಿದ್ದಾರೆ, ದನ-ಕುದುರೆಗಳಿಂದ ಸಾಲ ವಸೂಲಿ ಮಾಡಲಾಗದು ಎಂಬುದು ಕಾನೂನು ಇಲಾಖೆಯ ತರ್ಕ. ಬಿಡುಗಡೆಯ ಮಾತು, ಅದೂ ಇಂಥ ಮಾತು! ಮುಂಗಡ ಕೊಟ್ಟು ಹುಡುಗಿಯರನ್ನು ಕಟ್ಟಿಹಾಕುವ ಪದ್ಧತಿ ಅದರಿಂದ ನಿಲ್ಲಲಿಲ್ಲ. ಪರವಾನಗಿ ಪಡೆದವರು ಇನ್ನು ಮುಂದೆ ‘ಕೋಣೆ ಬಾಡಿಗೆಗೆ’ ಕೊಡುತ್ತೇವೆಂದರು. ಸಾಲ ಹಾಗೆಯೇ ಉಳಿಯಿತು. ವೇಶ್ಯಾವೃತ್ತಿ ತಡೆಯ ಕಾನೂನು ಬಂದದ್ದು 1956ರಲ್ಲಿ.

ಈಗಿನ ಮೈಕೊಗಳನ್ನು, ಅಂದರೆ ಗೇಯ್ಕೊ ಆಗಲು ಕಲಿಯುತ್ತಿರುವ ಹುಡುಗಿಯರನ್ನು, ಯಾರೂ ಮಾರುವುದಿಲ್ಲ. ಹದಿನೈದು-ಹದಿನಾರಕ್ಕೆ ತಾವಾಗಿಯೇ ಬರುತ್ತಾರೆ. ಊಟ, ವಸತಿ, ಕಿಮೊನೊ, ಪಾಠದ ಖರ್ಚೆಲ್ಲ ಮನೆಯೊಡತಿಯದು. ಸಂಬಳವಿಲ್ಲ, ಕೈಖರ್ಚಿಗೆ ಒಂದಿಷ್ಟು.

ಪ್ರವಾಸಿಗರು ಕಾಯುವುದು ಇವರಿಗಾಗಿಯೇ. ತೋಳು ಹಿಡಿದೆಳೆದು ಫೋಟೊ ತೆಗೆಯುವವರ ಕಾಟಕ್ಕೆ 2019ರಲ್ಲಿ ಖಾಸಗಿ ಓಣಿಗಳಲ್ಲಿ 10,000 ಯೆನ್ ದಂಡದ ಫಲಕ ಬಂತು. 2024ರಲ್ಲಿ ಕೆಲವು ಓಣಿಗಳೇ ಪ್ರವಾಸಿಗರಿಗೆ ಮುಚ್ಚಿದವು. ಹನಾಮಿಕೋಜಿ ಬೀದಿಯಲ್ಲಿ ಎಲ್ಲರೂ ಓಡಾಡಬಹುದು. ಸಂಜೆ ಅಲ್ಲಿ ಮರದ ಎತ್ತರದ ಪಾದರಕ್ಷೆಯಲ್ಲಿ ಬಿರಬಿರನೆ ನಡೆದುಹೋಗುವ ಹುಡುಗಿ ಕೆಲಸಕ್ಕೆ ಹೊರಟಿರುತ್ತಾಳೆ.