ಕರಿಮದ್ದಿನ ಕಾಳಿನ ಗಾತ್ರ

ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣವಾದ ಕರಿಮದ್ದನ್ನು ಕಾಳುಗಳ ರೂಪದಲ್ಲಿ ಸಿದ್ಧಪಡಿಸಿ ಜರಡಿಯಿಂದ ವಿಂಗಡಿಸುತ್ತಾರೆ. ಹೀಗೆ ವಿಂಗಡಿಸಿದ ಕಾಳುಗಳ ಅಳತೆಯೇ ಕರಿಮದ್ದಿನ ಕಾಳಿನ ಗಾತ್ರ. ಮದ್ದು ಉರಿಯುವ ವೇಗವು ಬಹುಮಟ್ಟಿಗೆ ಇದನ್ನು ಅವಲಂಬಿಸಿರುವುದರಿಂದ, ಚಕಮಕಿ ಪಿಸ್ತೂಲಿನಂತಹ ಹಳೆಯ ಮಾದರಿಯ ಆಯುಧಗಳಲ್ಲಿ ಗಾತ್ರದ ಆಯ್ಕೆಗೆ ಮಹತ್ವವಿದೆ.

ಉರಿಯುವ ಬಗೆ

ಕರಿಮದ್ದಿನ ಪ್ರತಿಯೊಂದು ಕಾಳೂ ಹೊರಮೈಯಿಂದ ಒಳಕ್ಕೆ ಉರಿಯುತ್ತದೆ. ಒಂದೇ ತೂಕದ ಮದ್ದಿನಲ್ಲಿ ಸಣ್ಣ ಕಾಳುಗಳ ಒಟ್ಟು ಹೊರಮೈ ಹೆಚ್ಚಿರುವುದರಿಂದ ಅವು ಬೇಗ ಉರಿದು ಒತ್ತಡವನ್ನು ತಟ್ಟನೆ ಏರಿಸುತ್ತವೆ. ದಪ್ಪ ಕಾಳುಗಳು ನಿಧಾನವಾಗಿ ಉರಿಯುತ್ತವೆ. ಆದರೆ ಮದ್ದು ನಯವಾದಷ್ಟೂ ಉತ್ತಮವೆಂದು ಭಾವಿಸುವಂತಿಲ್ಲ. ಹಿಟ್ಟಿನಂತಹ ಪುಡಿಯನ್ನು ಒತ್ತಿ ತುಂಬಿದರೆ ಕಣಗಳ ನಡುವೆ ಜ್ವಾಲೆ ಹರಡಲು ತೆರವು ಉಳಿಯುವುದಿಲ್ಲ. ಈ ಕೊರತೆಯನ್ನು ನೀಗಿಸಲು ಯುರೋಪಿನಲ್ಲಿ 15ನೆಯ ಶತಮಾನದಲ್ಲಿ ಕಾಳುಮದ್ದು ಬಳಕೆಗೆ ಬಂದಿತು.

ವರ್ಗೀಕರಣ

ಇಂದು ಪ್ರಚಲಿತವಿರುವ ವರ್ಗೀಕರಣದಲ್ಲಿ 'ಎಫ್' ಅಕ್ಷರಗಳು ಹೆಚ್ಚಿದಂತೆ ಕಾಳು ಸಣ್ಣದಾಗುತ್ತದೆ.

* 1 ಎಫ್: ದಪ್ಪ ಕಾಳು, ಬಹು ದೊಡ್ಡ ನಳಿಗೆಯ ಕೋವಿಗಳಿಗೆ.
* 2 ಎಫ್: ಮಧ್ಯಮ ಕಾಳು, ಸೈನಿಕರ ಮಸ್ಕೆಟ್‌ನಂತಹ ಅಗಲ ನಳಿಗೆಯ ಕೋವಿಗಳಿಗೆ.
* 3 ಎಫ್: ಸಣ್ಣ ಕಾಳು, ಪಿಸ್ತೂಲು ಮತ್ತು ಕಿರಿದಾದ ನಳಿಗೆಯ ಕೋವಿಗಳಿಗೆ.
* 4 ಎಫ್: ಅತಿ ಸಣ್ಣ ಕಾಳು, ರಂಜಕಕ್ಕೆ ಮಾತ್ರ.

ಚಕಮಕಿ ಪಿಸ್ತೂಲಿಗೆ ಆಯ್ಕೆ

ಚಕಮಕಿ ಕಲ್ಲು ಉಕ್ಕಿನ ಪಟ್ಟಿಗೆ ತಾಗಿದಾಗ ಹಾರುವ ಕಿಡಿ ಮೊದಲು ಹೊರಗಿನ ಬಟ್ಟಲಿನಲ್ಲಿರುವ ಮದ್ದನ್ನು ಹೊತ್ತಿಸುತ್ತದೆ. ಈ ಮದ್ದಿಗೆ ರಂಜಕ ಎಂದು ಹೆಸರು. ಅದರ ಜ್ವಾಲೆ ನಳಿಗೆಯ ಪಕ್ಕದ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ತಲಪುತ್ತದೆ. ಪಿಸ್ತೂಲಿನ ನಳಿಗೆ ಗಿಡ್ಡವಾದ್ದರಿಂದ ಗುಂಡು ಹೊರಬೀಳುವುದರೊಳಗೆ ಮದ್ದು ಉರಿದು ಮುಗಿಯಬೇಕು. ಆದ್ದರಿಂದ ಒಳಗೆ 3 ಎಫ್, ಬಟ್ಟಲಿಗೆ 4 ಎಫ್ ಬಳಸುವುದು ರೂಢಿ. 4 ಎಫ್ ಅನ್ನು ನಳಿಗೆಯೊಳಗೆ ತುಂಬುವುದು ಅಪಾಯಕಾರಿ. ಒತ್ತಡ ಮಿತಿಮೀರಿ ನಳಿಗೆ ಸಿಡಿಯಬಹುದು. ಆಧುನಿಕ ಹೊಗೆರಹಿತ ಮದ್ದನ್ನು ಇಂತಹ ಆಯುಧಗಳಲ್ಲಿ ಎಂದಿಗೂ ಬಳಸಬಾರದು. ಸಣ್ಣ ಕಾಳಿನ ರಂಜಕವು ತೇವವನ್ನು ಬೇಗ ಹೀರುವುದರಿಂದ ಮಳೆಗಾಲದಲ್ಲಿ ಅದನ್ನು ಆಗಾಗ ಬದಲಿಸಬೇಕಾಗುತ್ತದೆ.

18ನೆಯ ಶತಮಾನದ ಬ್ರಿಟಿಷ್ ಸೈನಿಕರು ಎರಡು ಬಗೆಯ ಮದ್ದನ್ನು ಒಯ್ಯುತ್ತಿರಲಿಲ್ಲ. ಒಂದೇ ಕಾಗದದ ತೋಟಾದಿಂದ ಸ್ವಲ್ಪ ಮದ್ದನ್ನು ಬಟ್ಟಲಿಗೆ ಸುರಿದು, ಉಳಿದದ್ದನ್ನು ನಳಿಗೆಗೆ ತುಂಬುತ್ತಿದ್ದರು. ಯುದ್ಧದಲ್ಲಿ ಸೂಕ್ಷ್ಮ ಆಯ್ಕೆಗಿಂತ ತ್ವರೆಯೇ ಮುಖ್ಯವಾಗಿತ್ತು.

ಬಾಗಲಕೋಟೆ ಪ್ರದೇಶದಲ್ಲಿ

ಬಾಗಲಕೋಟೆ ಜಿಲ್ಲೆಯ ಇತಿಹಾಸದಲ್ಲಿ ಮದ್ದುಗುಂಡಿಗೆ ವಿಶೇಷ ಸ್ಥಾನವಿದೆ. 1786ರಲ್ಲಿ ಮರಾಠರು ಮತ್ತು ನಿಜಾಮರ ಸೇನೆಗಳು ಟಿಪ್ಪು ಸುಲ್ತಾನನ ವಶದಲ್ಲಿದ್ದ ಬಾದಾಮಿ ಕೋಟೆಯನ್ನು ಮುತ್ತಿ ಗೆದ್ದುಕೊಂಡವು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯು ಆಯುಧಗಳ ಜೊತೆಗೆ ಮದ್ದುಗುಂಡುಗಳನ್ನೂ ಹತೋಟಿಗೆ ಒಳಪಡಿಸಿತು. ಮದ್ದಿಲ್ಲದ ಕೋವಿ ಬರಿಯ ಕಬ್ಬಿಣವಾದ್ದರಿಂದ ಎರಡನ್ನೂ ಒಟ್ಟಿಗೆ ನಿರ್ಬಂಧಿಸಲಾಯಿತು. ಆಯುಧಗಳನ್ನೇ ಬದುಕಿನ ಆಧಾರವಾಗಿ ಮಾಡಿಕೊಂಡಿದ್ದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅವುಗಳನ್ನು ಒಪ್ಪಿಸಲು ನಿರಾಕರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ಗ್ರಾಮದ ಮೇಲೆ ದಾಳಿ ನಡೆಸಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯ ನೆನಪು ಲಾವಣಿಗಳಲ್ಲಿ ಉಳಿದುಬಂದಿದೆ.

ಕಾಳಿನ ಗಾತ್ರದ ತತ್ತ್ವ ಕಲ್ಲುಗಣಿಗಳಿಗೂ ಅನ್ವಯಿಸುತ್ತದೆ. ಹುನಗುಂದ ಮತ್ತು ಇಳಕಲ್ ಪರಿಸರವು ಕೆಂಪು ಗ್ರಾನೈಟಿಗೆ ಹೆಸರಾಗಿದೆ. ಇಂತಹ ಅಲಂಕಾರಿಕ ಕಲ್ಲಿಗೆ ಬೆಲೆ ಬರುವುದು ಬಿರುಕಿಲ್ಲದ ದಿಮ್ಮಿ ದೊರೆತಾಗ. ತೀವ್ರ ಸ್ಫೋಟಕಗಳು ಕಲ್ಲನ್ನು ಪುಡಿಗಟ್ಟುತ್ತವೆ. ನಿಧಾನವಾಗಿ ಉರಿಯುವ ಕರಿಮದ್ದು ಅದನ್ನು ತಳ್ಳಿ ಸೀಳುತ್ತದೆ. ಈ ಕಾರಣದಿಂದ ದಿಮ್ಮಿಕಲ್ಲಿನ ಗಣಿಗಾರಿಕೆಯಲ್ಲಿ ಕರಿಮದ್ದಿನ ಬಳಕೆ ಬಹುಕಾಲದಿಂದ ನಡೆದುಬಂದಿದೆ.

ಸುರಕ್ಷತೆ ಮತ್ತು ಕಾನೂನು

ಕರಿಮದ್ದು ಕಿಡಿ, ಘರ್ಷಣೆ ಮತ್ತು ಬಡಿತಗಳಿಂದ ಹೊತ್ತಿಕೊಳ್ಳಬಲ್ಲದು. ಬಟ್ಟಲಿನ ರಂಜಕ ಉರಿದರೂ ಗುಂಡು ಹಾರದಿದ್ದಾಗ ಒಳಗಿನ ಮದ್ದು ತಡವಾಗಿ ಹೊತ್ತಿಕೊಳ್ಳುವ ಸಂಭವವಿರುತ್ತದೆ; ಆಗ ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೇ ಹಿಡಿದಿರಬೇಕು. ಬಳಕೆಯ ಬಳಿಕ ನಳಿಗೆಯಲ್ಲಿ ಉಳಿಯುವ ಮಸಿ ತೇವ ಹೀರಿ ತುಕ್ಕು ಹಿಡಿಸುವುದರಿಂದ ಅದನ್ನು ತೊಳೆದು ಒಣಗಿಸಬೇಕು. ಭಾರತದಲ್ಲಿ ಆಯುಧಗಳಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯೂ, ಮದ್ದಿನ ತಯಾರಿಕೆ, ಸಂಗ್ರಹ ಮತ್ತು ಮಾರಾಟಕ್ಕೆ 1884ರ ಸ್ಫೋಟಕ ಕಾಯ್ದೆಯೂ ಅನ್ವಯಿಸುತ್ತವೆ. ಪರವಾನಗಿಯಿಲ್ಲದೆ ಕರಿಮದ್ದನ್ನು ತಯಾರಿಸುವುದು ಶಿಕ್ಷಾರ್ಹ ಅಪರಾಧ.